ಬಂದೂಕಿನ ಹಿಡಿ ಮುರಿದರೆ ಬಡಿಗೇರನೋ, ಬೆಳಗಾವಿಯೋ, ಪ್ಲಾಸ್ಟಿಕ್ಕೋ?

ಮೂಡಲಗಿ:— ಅಜ್ಜನ ಕಾಲದ ಬಂದೂಕಿನ ನಳಿಗೆ ಮೊಮ್ಮಗನ ಕಾಲಕ್ಕೂ ನಡೆದೀತು. ಕಟ್ಟಿಗೆ ಹಿಡಿಯ ಮಾತು ಹಾಗಲ್ಲ. ಒಮ್ಮೆ ಮೋಟಾರ್ ಸೈಕಲ್ಲಿನಿಂದ ಜಾರಿ ಬಿದ್ದರೆ ಸಾಕು, ಒಂದು ಮಳೆಗಾಲ ಸೋರುವ ಮೂಲೆಯಲ್ಲಿ ಕಳೆದರೆ ಸಾಕು, ಹಿಡಿಯ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳು ಬರುತ್ತದೆ. ಮುಂದಿನ ಈಡಿಗೆ ಅದು ಬಾಯಿ ಬಿಡುತ್ತದೆ. ಆಮೇಲೆ ರೈತ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಊರಿಗೆ ಬರುತ್ತಾನೆ. ಬಂದು ಯಾರ ಬಾಗಿಲು ಬಡಿಯಬೇಕು?

ಇದು ಸಾಹುಕಾರರ ಶೋಕಿಯ ಮಾತಲ್ಲ. ಕಬ್ಬು, ಗೋವಿನಜೋಳ, ಶೇಂಗಾ ಬೆಳೆಯುವ ಸೀಮೆಯಲ್ಲಿ ಹಂದಿಯ ಕಾಟ ಏನೆಂದು ರಾತ್ರಿ ಹೊಲ ಕಾದವನಿಗೆ ಗೊತ್ತು. 1959ರ ಶಸ್ತ್ರ ಕಾಯ್ದೆಯ 13ನೇ ಕಲಮಿನಲ್ಲೇ ಬೆಳೆ ರಕ್ಷಣೆಯ ಬಂದೂಕಿಗೆ ಜಾಗ ಇದೆ: ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಬಂದೂಕು, ಸ್ವರಕ್ಷಣೆಗೆ ಇಲ್ಲವೆ ಆಟಕ್ಕೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಬಂದೂಕು. ಹಂದಿಯ ಮೇಲೆ ಈಡು ಹಾರಿಸಲು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇರೆ ಅಪ್ಪಣೆ ಬೇಕು, ಅದು ಬೇರೆ ಕಥೆ. ಬಹಳ ಮಂದಿ ಗಾಳಿಯಲ್ಲಿ ಒಂದು ಸದ್ದು ಮಾಡಿ ಓಡಿಸುವುದಕ್ಕೇ ಬಂದೂಕು ಇಟ್ಟುಕೊಂಡಿರುವುದು. ಆ ಸದ್ದು ಮಾಡಬೇಕಾದರೂ ಬಂದೂಕನ್ನು ಭುಜಕ್ಕೆ ಆನಿಸಲೇಬೇಕು. ಸೀಳಿದ ಹಿಡಿ ಆನಿಸಿದರೆ ದವಡೆಗೆ ಏಟು.

ಸಂತಿ ದಿನ ಚಹದಂಗಡಿಯಲ್ಲಿ ಈ ವಿಷಯ ಎತ್ತಿದರೆ ಸಾಕು, ಮೂರು ಉತ್ತರ ಮೂರು ಬೆಂಚಿನಿಂದ ಬರುತ್ತವೆ. "ನಮ್ಮ ಬಡಿಗ್ಯಾರ ಕಡೆ ಕೊಡು, ಮುಂಜಾನಿ ಕೊಟ್ಟರ ಸಂಜೀಕ ಆಕ್ಕೈತಿ" ಅಂತ ಒಬ್ಬರು. "ಹಂಗ ಮಾಡಬ್ಯಾಡ್ರಿ ಕಾಕಾ, ಬೆಳಗಾವಿಗೆ ಒಯ್ಯಿರಿ, ಲೈಸನ್ಸ್ ಅಂಗಡಿ ಐತಿ" ಅಂತ ಇನ್ನೊಬ್ಬರು. ಮೂರನೆಯವ ಮೊಬೈಲ್ ತೆಗೆದು ಕಪ್ಪು ಪ್ಲಾಸ್ಟಿಕ್ ಹಿಡಿಯ ಫೋಟೋ ತೋರಿಸುತ್ತಾನೆ. ಮೂವರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಮೂವರೂ ಪೂರ್ತಿ ಖರೆಯನ್ನೂ ಹೇಳುತ್ತಿಲ್ಲ.

ಬಡಿಗೇರನ ಕೈ, ಬಡಿಗೇರನ ಕುತ್ತಿಗೆ

ಮೊದಲು ಬಡಿಗೇರನ ಮಾತು. ನೊಗ, ಕೂರಿಗೆ, ಬಂಡಿಯ ಗಾಲಿ, ಬಾಗಿಲ ಚೌಕಟ್ಟು ಮಾಡಿದ ಕೈ ಅದು. ಯಾವ ಕಟ್ಟಿಗೆ ಎಲ್ಲಿ ಸೀಳುತ್ತದೆ ಎಂದು ಅವನಿಗೆ ಹೇಳಿಕೊಡಬೇಕಾಗಿಲ್ಲ. ಹಳೆ ಹಿಡಿಯನ್ನು ಮುಂದಿಟ್ಟರೆ ಬಾಚಿ, ಉಳಿ ಹಿಡಿದು ಅದರಂತೆಯೇ ಇನ್ನೊಂದನ್ನು ಇಳಿಸುತ್ತಾನೆ. ಕೂಲಿಯೂ ಕಡಿಮೆ. ಬಸ್ಸಿನ ಖರ್ಚಿಲ್ಲ, ದಿನ ಕೆಡುವುದಿಲ್ಲ.

ತೊಡಕು ಮೂರು. ಮೊದಲನೆಯದು ಕಟ್ಟಿಗೆ. ಅವನ ಹತ್ತಿರ ಇರುವುದು ಜಾಲಿ, ಬೇವು, ಹೆಚ್ಚೆಂದರೆ ಹಳೆ ಮನೆಯ ಸಾಗವಾನಿ ತೊಲೆ. ಜಾಲಿ ಗಟ್ಟಿ, ಗಾಲಿಗೆ ಅದರಂಥದ್ದಿಲ್ಲ, ಆದರೆ ಭಾರ, ಒಣಗುವಾಗ ಬಿರಿಯುತ್ತದೆ. ಸಾಗವಾನಿ ಹಗುರ, ನೀರಿಗೆ ಜಗ್ಗುವುದಿಲ್ಲ, ಆದರೆ ಎಳೆಯ ಉದ್ದಕ್ಕೆ ಬೇಗ ಸೀಳುತ್ತದೆ. ಜಗತ್ತಿನ ಬಂದೂಕುಗಾರರೆಲ್ಲ ಅಕ್ರೋಟ ಮರಕ್ಕೆ ಜೋತುಬಿದ್ದದ್ದು ಸುಮ್ಮನೆ ಅಲ್ಲ: ಅದು ಹಗುರವೂ ಹೌದು, ಒದೆತ ತಾಳುತ್ತದೆ, ಒಮ್ಮೆ ಒಣಗಿದ ಮೇಲೆ ಆಕಾರ ಬಿಡುವುದಿಲ್ಲ. ನಮ್ಮ ಕಡೆ ಅಕ್ರೋಟ ಎಂದರೆ ಕಿರಾಣಿ ಅಂಗಡಿಯ ಡಬ್ಬಿಯಲ್ಲಿರುವ ಕಾಯಿ ಮಾತ್ರ. ಶೀಶಮ್ ಸಿಕ್ಕರೆ ಅದೂ ಒಳ್ಳೆಯದೇ, ತುಸು ತೂಕ ಜಾಸ್ತಿ. ಪಕ್ಕದ ಗೋಕಾಕದ ಗೊಂಬೆ ಮಾಡುವ ಕಟ್ಟಿಗೆ ಹೂವಿನಂತೆ ಹಗುರ. ಬಾಳೆಹಣ್ಣು, ಸೀತಾಫಲ ಮಾಡಿ ಬಣ್ಣ ಹೊಡೆಯಲು ಚಂದ. ಬಂದೂಕಿಗೆ ಬೇಡ.

ಎರಡನೆಯ ತೊಡಕು ಹೆಚ್ಚು ಅಪಾಯದ್ದು. ಹೊರಗಿನ ಆಕಾರ ಯಾರಾದರೂ ಕೆತ್ತಿಯಾರು. ಒಳಗೆ ಕಬ್ಬಿಣ ಕೂರುವ ಗುಳಿ ಇದೆಯಲ್ಲ, ಅದರಲ್ಲಿದೆ ವಿದ್ಯೆ. ಈಡು ಹಾರಿದಾಗ ಕಬ್ಬಿಣ ಹಿಂದಕ್ಕೆ ಒದೆಯುತ್ತದೆ. ಗುಳಿಯ ಹಿಂಗೋಡೆಗೆ ಅದು ಎಲ್ಲ ಕಡೆ ಸಮನಾಗಿ ಆತಿದ್ದರೆ ಏಟು ಹಂಚಿಹೋಗುತ್ತದೆ. ಒಂದೇ ಮೂಲೆಗೆ ಆತಿದ್ದರೆ ಅದು ಬೆಣೆ ಹೊಡೆದಂತೆ, ಹತ್ತನೇ ಈಡಿಗೋ ಇಪ್ಪತ್ತನೇ ಈಡಿಗೋ ಹೊಸ ಹಿಡಿಯೂ ಎರಡು ಹೋಳು. ಇನ್ನೊಂದು ಇದೆ. ಟ್ರಿಗರಿನ ಮೇಲಿನ ಕೊಕ್ಕೆ ಆಡಲು ಒಳಗೆ ಜಾಗ ಬೇಕು. ಕಟ್ಟಿಗೆ ಉಬ್ಬಿಯೋ, ಗುಳಿ ಇಕ್ಕಟ್ಟಾಗಿಯೋ ಕೊಕ್ಕೆ ತಾಗಿದರೆ ಅದು ಪೂರ್ತಿ ಕಚ್ಚುವುದಿಲ್ಲ. ಅಂಥ ಬಂದೂಕನ್ನು ನೆಲಕ್ಕೆ ಕುಕ್ಕಿದರೆ ಬೆರಳು ಮುಟ್ಟದೆಯೇ ಈಡು ಹಾರೀತು. ನೊಗ ತಪ್ಪಾದರೆ ಎತ್ತಿನ ಹೆಗಲು ಕೆಂಪಾಗುತ್ತದೆ, ಅಷ್ಟೇ. ಇಲ್ಲಿ ತಪ್ಪಾದರೆ ಪಕ್ಕದಲ್ಲಿ ನಿಂತ ಮಗ ಹೋದಾನು.

ಮೂರನೆಯದು ಕಾಯ್ದೆ. ಇದನ್ನು ಬಡಿಗೇರನಿಗೆ ಯಾರೂ ಹೇಳುವುದಿಲ್ಲ. ಶಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕು ತಯಾರಿಸಲು, ಮಾರಲು ಲೈಸನ್ಸ್ ಬೇಕು ಎನ್ನುವಾಗ ಅದೇ ಉಸಿರಿನಲ್ಲಿ ದುರಸ್ತಿ ಮಾಡಲೂ ಬೇಕು ಎನ್ನುತ್ತದೆ. ಕಬ್ಬಿಣದ ದುರಸ್ತಿ ಬೇರೆ, ಕಟ್ಟಿಗೆಯ ದುರಸ್ತಿ ಬೇರೆ ಎಂದು ಅಲ್ಲಿ ಭೇದ ಎಣಿಸಿಲ್ಲ. 2019ರ ತಿದ್ದುಪಡಿ ಆದ ಮೇಲೆ ಈ ಕಲಮು ಮುರಿದವನಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸಜೆ, ಮೇಲಕ್ಕೆ ಜನ್ಮಠೇಪೆಯವರೆಗೂ ಹೋಗಬಹುದು. ಬಂದೂಕು ಒಂದು ರಾತ್ರಿ ಬಡಿಗೇರನ ಕೊಟ್ಟಿಗೆಯಲ್ಲಿ ಉಳಿದರೆ ಲೈಸನ್ಸಿಲ್ಲದೆ ಬಂದೂಕು ಇಟ್ಟುಕೊಂಡ ಆಪಾದನೆ ಬೇರೆ. ರೈತನ ಹತ್ತಿರ ಲೈಸನ್ಸ್ ಪುಸ್ತಕ ಇದೆ, ಅವನು ಏನೋ ಒಂದು ಸಮಜಾಯಿಷಿ ಕೊಟ್ಟಾನು. ಒಂದು ದಿನದ ಕೂಲಿಗೆ ಉಪಕಾರ ಮಾಡಲು ಹೋದ ಬಡಿಗೇರನ ಹತ್ತಿರ ಏನಿದೆ? ಗುರುತಿನವನು, ಸೋದರಮಾವ ಆಗಬೇಕು ಎಂದು ಸಲುಗೆಯಿಂದ ಕೊಡುವ ಮೊದಲು ಇದನ್ನು ವಿಚಾರ ಮಾಡಬೇಕು. ಮುರಿದ ಹಿಡಿ ಜೋಡಿಸಲು ಹೋಗಿ ಬಡವನ ಸಂಸಾರ ಮುರಿಯಬಾರದು.

ಬಂದೂಕಿನ ಕಾಯ್ದೆ ಈ ಸೀಮೆಗೆ ಹೊಸದೇನಲ್ಲ. ಮುಧೋಳದ ಆಚೆ ಹಲಗಲಿಯ ಬೇಡರು 1857ರಲ್ಲಿ ದಂಗೆ ಎದ್ದದ್ದು ಇಂಗ್ಲಿಷರು ಹತಾರು ಒಪ್ಪಿಸಿ ಎಂದದ್ದಕ್ಕೇ. ಆ ವರ್ಷದ ಡಿಸೆಂಬರಿನಲ್ಲಿ ಗಲ್ಲಿಗೇರಿದವರ ಲಾವಣಿ ಈಗಲೂ ಉಳಿದಿದೆ. ಆಮೇಲೆ 1878ರ ಕಾಯ್ದೆ ಬಂತು, ಸ್ವತಂತ್ರ ಬಂದ ಮೇಲೆ 1959ರದು ಬಂತು. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಇಟ್ಟುಕೊಳ್ಳಲು ಲೈಸನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ನಮ್ಮ ಕಡೆಯವರಿಗೆ ಆ ಭಾಗ್ಯ ಇಲ್ಲ, ಪುಸ್ತಕ ಹಿಡಿದೇ ಓಡಾಡಬೇಕು.

ಬೆಳಗಾವಿಯ ದಾರಿ

ಹಾಗಾದರೆ ಲೈಸನ್ಸ್ ಇರುವ ಅಂಗಡಿಯೇ ಸರಿ ಎಂದಾಯಿತು. ಸರಿಯೇ. ಆದರೆ ಅಂಗಡಿ ಎಂದಕೂಡಲೇ ಕೈಮುಗಿಯಬೇಕಾಗಿಲ್ಲ.

ಮೊದಲು ಕೇಳಬೇಕಾದ್ದು, ಇವರಿಗೆ ಮಾರುವ ಲೈಸನ್ಸ್ ಮಾತ್ರ ಇದೆಯೋ, ದುರಸ್ತಿಯದೂ ಇದೆಯೋ ಎಂದು. ಎರಡನೆಯದು, ಕೆಲಸ ಇಲ್ಲೇ ಮಾಡುತ್ತಾರೋ, ಬೇರೆ ಊರಿಗೆ ಕಳಿಸುತ್ತಾರೋ. ಕಳಿಸುವುದಾದರೆ ಎಷ್ಟು ದಿನ, ಯಾರ ಹೊಣೆ. ಬಂದೂಕಿನ ನಂಬರು ಬರೆದ ರಸೀದಿ ಕೈಗೆ ಬರುವ ತನಕ ಅಂಗಡಿಯ ಮೆಟ್ಟಿಲು ಇಳಿಯಬಾರದು.

ಅಂಗಡಿಗಳಲ್ಲಿ ಅರೆಬರೆ ಕೆತ್ತಿದ ಸಿದ್ಧ ಹಿಡಿಗಳು ಇರುವುದುಂಟು. ಅವನ್ನು ಬಂದೂಕಿಗೆ ತಕ್ಕಂತೆ ಕೂರಿಸಬೇಕು. ಒಳ್ಳೆ ಕೆಲಸಗಾರ ಕಬ್ಬಿಣಕ್ಕೆ ದೀಪದ ಕಾಡಿಗೆ ಸವರುತ್ತಾನೆ, ಕಟ್ಟಿಗೆಯಲ್ಲಿ ಒತ್ತಿ ತೆಗೆಯುತ್ತಾನೆ, ಕಪ್ಪು ಹತ್ತಿದಲ್ಲಿ ಮಾತ್ರ ಉಳಿಯಿಂದ ಕೆರೆಯುತ್ತಾನೆ, ಮತ್ತೆ ಸವರುತ್ತಾನೆ. ಗುಳಿಯ ಮೈಯೆಲ್ಲ ಒಂದೇ ಸಮ ಕಪ್ಪಾಗುವ ತನಕ ಇದೇ ಕೆಲಸ. ಅವಸರದವನು ಗುಳಿಯನ್ನು ದೊಡ್ಡದಾಗಿ ತೋಡಿ ಸಂದಿಗೆ ಪುಟ್ಟಿ ಮೆತ್ತಿ ಮೇಲೆ ಪಾಲಿಶ್ ಹೊಡೆಯುತ್ತಾನೆ. ಗಲ್ಲೆಯ ಮೇಲೆ ಎರಡೂ ಫಳಫಳ ಹೊಳೆಯುತ್ತವೆ. ಕೊಳ್ಳುವವನು ತಿರುಪು ಬಿಚ್ಚಿಸಿ ಒಳಗೆ ನೋಡಬೇಕು. "ಬಿಚ್ಚಿ ತೋರ್ಸ್ರಿ ಸಾವಕಾರ್ರ" ಅಂದರೆ ಯಾವ ಪ್ರಾಮಾಣಿಕ ಅಂಗಡಿಕಾರನೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಸಿದ್ಧ ಹಿಡಿ ಎಲ್ಲ ಬಂದೂಕಿಗೂ ಯಾಕೆ ಕೂರುವುದಿಲ್ಲ ಎಂದು ಕೇಳುವವರಿದ್ದಾರೆ. ಸರ್ಕಾರಿ ಕಾರ್ಖಾನೆಯ ಮಾಲಿನಲ್ಲಿ ಅಳತೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇಚ್ಛಾಪುರದ ರೈಫಲ್ ಕಾರ್ಖಾನೆಯ .315 ರೈಫಲ್ ಇದ್ದವನಿಗೆ ಅದರದೇ ಹಿಡಿ ಹುಡುಕುವುದು ಸುಲಭ. 2021ರ ಅಕ್ಟೋಬರಿನಲ್ಲಿ ಹಳೆ ಆರ್ಡ್‌ನನ್ಸ್ ಬೋರ್ಡನ್ನು ಒಡೆದು ಏಳು ಕಂಪನಿ ಮಾಡಿದರು. ಇಚ್ಛಾಪುರ ಈಗ ಕಾನ್ಪುರದಲ್ಲಿ ಮುಖ್ಯ ಕಚೇರಿ ಇರುವ ಕಂಪನಿಯ ಕೆಳಗಿದೆ. ಆದರೆ ಹನ್ನೆರಡು ಬೋರಿನ ಬಂದೂಕುಗಳಲ್ಲಿ ಬಿಹಾರದ ಮುಂಗೇರ, ಜಮ್ಮು, ಇಂಥ ಕಡೆಯ ಸಣ್ಣ ಖಾಸಗಿ ಕಾರ್ಖಾನೆಗಳಲ್ಲಿ ಕೈಯಿಂದ ಅರ ಹಾಕಿ ಕೂಡಿಸಿದವೂ ಇವೆ. ಒಂದೇ ಕಾರ್ಖಾನೆಯ ಎರಡು ಬಂದೂಕು ಅಣ್ಣತಮ್ಮಂದಿರಂತೆ: ಮುಖಚಹರೆ ಒಂದೇ, ಒಬ್ಬನ ಅಂಗಿ ಇನ್ನೊಬ್ಬನಿಗೆ ಆಗುವುದಿಲ್ಲ. ಇನ್ನು ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ನಳಿಗೆಯ ಉದ್ದಕ್ಕೂ ಕಟ್ಟಿಗೆ, ಕೆಳಗೆ ಗಜದ ಕಡ್ಡಿ ಹೋಗುವ ಗಾಡಿ. ಅದಕ್ಕೆ ಸಿದ್ಧ ಹಿಡಿ ಹುಡುಕುವುದೇ ವ್ಯರ್ಥ, ಹೊಸದಾಗಿ ಕೆತ್ತಿಸಲೇಬೇಕು.

ಬೆಳಗಾವಿಗೆ ಎರಡು ಸಲ ಹೋಗಿಬರಬೇಕು, ಒಮ್ಮೆ ಕೊಡಲು, ಒಮ್ಮೆ ತರಲು. ಗೋಕಾಕದ ಮೇಲೆ ಬಸ್ಸು. ವಯಸ್ಸಾದ ತಂದೆಯ ಹೆಸರಲ್ಲಿ ಲೈಸನ್ಸ್ ಇದ್ದು ಓಡಾಡುವವನು ಮಗನಾದರೆ? ಕಾಯ್ದೆಯ 3ನೇ ಕಲಮಿನಲ್ಲಿ ಅದಕ್ಕೆ ದಾರಿ ಇದೆ: ಲೈಸನ್ಸುದಾರ ಬರೆದುಕೊಟ್ಟ ಅಧಿಕಾರಪತ್ರ ಇದ್ದರೆ ಇನ್ನೊಬ್ಬ ದುರಸ್ತಿಗೆಂದು ಬಂದೂಕು ಒಯ್ಯಬಹುದು. ಚೀಟಿ ಮತ್ತು ಲೈಸನ್ಸ್ ಪುಸ್ತಕ ಎರಡೂ ಜೊತೆಗಿರಲಿ, ಬಂದೂಕು ಖಾಲಿ ಇರಲಿ, ಚೀಲದೊಳಗಿರಲಿ. ಆಸ್ಪತ್ರೆಗೆ ಮಿರಜಕ್ಕೆ ಹೋಗಿ ರೂಢಿಯಾದವರು ಬಂದೂಕನ್ನೂ ಅಲ್ಲಿಗೇ ಒಯ್ಯೋಣ ಎನ್ನಬಹುದು. ಮಿರಜ ಮಹಾರಾಷ್ಟ್ರ. ಲೈಸನ್ಸ್ ಯಾವ ಸೀಮೆಗೆ ಮಾತ್ರ ಎಂದು ಪುಸ್ತಕದಲ್ಲೇ ಬರೆದಿರುತ್ತದೆ, ಅದನ್ನು ಓದದೆ ಗಡಿ ದಾಟಬಾರದು.

ಕಪ್ಪು ಪ್ಲಾಸ್ಟಿಕ್ಕಿನ ಆಸೆ

ಮೊಬೈಲಿನಲ್ಲಿ ಕಾಣುವ ಕಪ್ಪು ಹಿಡಿಗಳ ಕಥೆ ಬೇರೆಯೇ. ಅಮೆರಿಕದಲ್ಲಿ ಇದೊಂದು ದೊಡ್ಡ ವ್ಯಾಪಾರ. ಮ್ಯಾಗ್‌ಪುಲ್, ಹೋಗ್ ಎಂಬ ಕಂಪನಿಗಳು ಪ್ಲಾಸ್ಟಿಕ್ಕಿನವನ್ನು ಮಾಡುತ್ತವೆ, ಬಾಯ್ಡ್ಸ್ ಎಂಬುದು ಕಟ್ಟಿಗೆಯವನ್ನು ಮಾಡುತ್ತದೆ. ಅಲ್ಲಿಯ ಗಿರಾಕಿ ತನ್ನ ರೈಫಲಿನ ಮಾಡೆಲ್ ಹೇಳಿದರೆ ಅಂಚೆಯಲ್ಲಿ ಹಿಡಿ ಬರುತ್ತದೆ, ಮನೆಯಲ್ಲೇ ತಿರುಪು ಹಾಕಿಕೊಳ್ಳುತ್ತಾನೆ. ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಗುಣ ಇಲ್ಲವೆನ್ನಲಾಗದು.

ಆದರೆ ಅವು ಅಲ್ಲಿಯ ರೈಫಲುಗಳ ಅಳತೆಗೆ ಅಚ್ಚು ಹಾಕಿದವು. ಮುಂಗೇರದ ಜೋಡುನಳಿಗೆಗೆ ಕೂರಬೇಕೆಂದರೆ ಪ್ಲಾಸ್ಟಿಕ್ಕನ್ನು ಕೊರೆಯಬೇಕು. ಕೊರೆದರೆ ಅದರ ಬಲವೇ ಹೋಯಿತು. ಮೇಲಾಗಿ ಬಂದೂಕಿನ ಭಾಗಗಳನ್ನೂ ಕಾಯ್ದೆ ಬಂದೂಕಿನ ಲೆಕ್ಕದಲ್ಲೇ ಹಿಡಿಯುತ್ತದೆ. ಹೊರದೇಶದಿಂದ ತರಿಸಲು ಬೇರೆ ಲೈಸನ್ಸ್ ಬೇಕು. ಪಾರ್ಸಲ್ ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದರೆ ಕೊಟ್ಟ ದುಡ್ಡೂ ಹೋಯಿತು, ನಿದ್ದೆಯೂ ಹೋಯಿತು.

ನಮ್ಮ ರಾಜ್ಯದಲ್ಲೇ ಈ ಕೆಲಸ ನಡೆಯುತ್ತಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸ್ಪ್ರಿಂಗ್ ಮಾಡಿ ಹೆಸರಾದ ಬೆಂಗಳೂರಿನ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಮನೆತನದ ಎಸ್‌ಎಸ್‌ಎಸ್ ಡಿಫೆನ್ಸ್ ಕಂಪನಿ ಸ್ನೈಪರ್ ರೈಫಲುಗಳನ್ನು ಮಾಡುತ್ತದೆ, ಜೊತೆಗೆ ಹಳೆ ಎಕೆ-47ಕ್ಕೆ ಹೊಸ ಹಿಡಿ, ಹೊಸ ಕೈಹಲಗೆ ತೊಡಿಸುವ ಸಾಮಾನನ್ನೂ ಮಾಡುತ್ತದೆ. ಇದೇ ಸಾಮಾನಿಗೆ ಇಸ್ರೇಲಿನ ಫ್ಯಾಬ್ ಡಿಫೆನ್ಸ್ ಹೆಸರಾದ ಕಂಪನಿ. ಪೊಲೀಸರಿಗೆ, ಸೈನ್ಯಕ್ಕೆ ಯಾರ ಮಾಲು ಎಂಬ ಪೈಪೋಟಿ ಅಲ್ಲಿಯದು. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಹಿಡಿ, ಗಲ್ಲಕ್ಕೆ ಎತ್ತರಿಸಬಹುದಾದ ದಿಂಡು, ಇವು ಆ ಮಾಲಿನ ವೈಶಿಷ್ಟ್ಯ. ಎಕೆ-47 ರೈತನ ಕೈಗೆ ಬರುವಂಥದ್ದಲ್ಲ, ಬರಲೂಬಾರದು. ಫೋಟೋ ನೋಡಿ ಆಸೆಪಡುವವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಅಂಗಿಯ ಅಳತೆ ತೆಗೆಯುತ್ತೀರಿ, ಹಿಡಿಯದು?

ಈ ಕಂಪನಿಗಳಿಂದ ಕಲಿಯಬೇಕಾದ್ದು ಒಂದಿದೆ. ಅವರು ಮಾರುತ್ತಿರುವುದು ಪ್ಲಾಸ್ಟಿಕ್ಕನ್ನಲ್ಲ, ಅಳತೆಯನ್ನು. ಇದೂ ಹೊಸದಲ್ಲ. ಇಂಗ್ಲಿಷರ ಕಾಲದ .303 ರೈಫಲಿನ ಹಿಡಿ ಗಿಡ್ಡ, ಸಾಧಾರಣ, ಉದ್ದ ಎಂಬ ಅಳತೆಗಳಲ್ಲಿ ಬರುತ್ತಿತ್ತು. ಸಾಧಾರಣಕ್ಕಿಂತ ಗಿಡ್ಡ, ಉದ್ದ ಇದ್ದದ್ದು ಗೊತ್ತಾಗಲೆಂದು ಕಟ್ಟಿಗೆಯ ಮೇಲೆ ಅಕ್ಷರ ಒತ್ತುತ್ತಿದ್ದರು. ಸಿಪಾಯಿಯ ತೋಳು ನೋಡಿ ಕೊಡುತ್ತಿದ್ದರು. ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಆ ಆಟದ ರೈಫಲುಗಳನ್ನು ಟೀವಿಯಲ್ಲಿ ನೋಡಿದವರಿಗೆ ನೆನಪಿರಬಹುದು, ಹಿಡಿ ಎನ್ನುವುದು ತಿರುಪುಗಳ ಸಂತೆ. ಮಂಡಿಯೂರಿದಾಗ ಒಂದು ಅಳತೆ, ಮಲಗಿದಾಗ ಒಂದು, ನಿಂತಾಗ ಇನ್ನೊಂದು. ಅಷ್ಟರ ಅಗತ್ಯ ಹೊಲದಲ್ಲಿ ಇಲ್ಲ. ಆದರೆ ಆರಡಿ ಆಳಿಗೂ ಐದಡಿ ಆಳಿಗೂ ಒಂದೇ ಹಿಡಿ ಎಂದರೆ ಹೇಗೆ?

ಅಳತೆ ನೋಡುವುದು ಕಷ್ಟವಲ್ಲ. ಬಂದೂಕು ಖಾಲಿ ಇದೆ ಎಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಹಿಡಿಯ ಹಿಂತುದಿಯನ್ನು ಮೊಳಕೈ ಮಡಿಕೆಗೆ ಆನಿಸಿ ತೋರುಬೆರಳು ಟ್ರಿಗರಿನತ್ತ ಚಾಚಿ. ಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ಸಲೀಸಾಗಿ ಮುಟ್ಟಬೇಕು. ಟ್ರಿಗರಿನಿಂದ ಹಿಂತುದಿಗೆ 14 ಇಂಚು ಆಸುಪಾಸು ಇದ್ದರೆ ಸಾಧಾರಣ ಆಳಿಗೆ ಸರಿ. ಕಣ್ಣು ಮುಚ್ಚಿ ಬಂದೂಕನ್ನು ಗೋಡೆಯತ್ತ ಎತ್ತಿ ಭುಜಕ್ಕೆ ಇಟ್ಟು, ಗಲ್ಲ ಆನಿಸಿ, ಕಣ್ಣು ಬಿಡಿ. ನಳಿಗೆಯ ಸಾಲು ನೇರ ಕಂಡರೆ ಹಿಡಿ ನಿಮ್ಮದು. ಕತ್ತು ಎಳೆದು ನೋಡಬೇಕಾದರೆ ಆ ಹಿಡಿ ಇನ್ಯಾರದ್ದೋ. ಎಡಚರು ಮೊದಲೇ ಹೇಳಬೇಕು, ಬಲಗೈಯವರಿಗೆಂದು ಹಿಡಿಯನ್ನು ತುಸು ಹೊರಕ್ಕೆ ವಾಲಿಸಿರುತ್ತಾರೆ, ಅದು ಎಡಚನ ಗಲ್ಲಕ್ಕೆ ಬಡಿಯುತ್ತದೆ.

ಕಟ್ಟಿಗೆ ನೋಡುವಾಗ ಮೈಯ ಚಿತ್ತಾರಕ್ಕೆ ಮರುಳಾಗುವುದು ಎಲ್ಲರೂ ಮಾಡುವ ತಪ್ಪು. ಚಿತ್ತಾರ ಹಿಂಭಾಗದಲ್ಲಿ ಎಷ್ಟಾದರೂ ಇರಲಿ. ಕೈ ಹಿಡಿಯುವ ಕುತ್ತಿಗೆಯಲ್ಲಿ ಎಳೆ ಉದ್ದಕ್ಕೆ ನೇರ ಹರಿದಿರಬೇಕು, ಗಂಟು ಇರಬಾರದು, ಹೊರಗಿನ ಬಿಳಿ ಕಟ್ಟಿಗೆ ಬರಬಾರದು, ಚೇಗೇ ಇರಬೇಕು. ಎಳೆ ಅಡ್ಡ ಹಾಯ್ದಿದ್ದರೆ ಎಷ್ಟು ಅಂದವಿದ್ದರೂ ಹಿಂದಕ್ಕೆ ಕೊಡಿ. ವಾಸನೆಯನ್ನೂ ನೋಡಿ, ಹಸಿ ಕಟ್ಟಿಗೆ ಹಸಿ ವಾಸನೆಯೇ ಬೀರುತ್ತದೆ.

ಸಣ್ಣ ಸೀಳಿಗೆ ಹೊಸ ಹಿಡಿಯೇ ಬೇಕೆಂದಿಲ್ಲ. ಸೀಳಿನೊಳಗೆ ಗಟ್ಟಿ ಅಂಟು ಇಳಿಸಿ ಅಡ್ಡಕ್ಕೆ ಹಿತ್ತಾಳೆ ಕಡ್ಡಿ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ಹಳಬರು ಹಸಿ ತೊಗಲು ಬಿಗಿದು ಒಣಗಿಸುತ್ತಿದ್ದರು, ಅದು ಕುಗ್ಗಿ ಕಬ್ಬಿಣದ ಪಟ್ಟಿಯಂತೆ ಹಿಡಿಯುತ್ತಿತ್ತು. ಬರೀ ತಂತಿ ಸುತ್ತಿ ನಡೆಸುವುದು ಮಾತ್ರ ಬೇಡ, ಒಳಗೆ ಸೀಳು ಬೆಳೆಯುವುದು ಕಾಣುವುದೇ ಇಲ್ಲ.

ಒಟ್ಟು ಮೂರರಲ್ಲಿ ಯಾವುದು? ಬೆಳಗಾವಿಯೇ, ಆದರೆ ಬಿಚ್ಚಿ ನೋಡಿ, ಅಳತೆ ಕೊಟ್ಟು. ದುಡ್ಡು ಜಾಸ್ತಿ ಬೀಳುತ್ತದೆ, ದಿನ ಕೆಡುತ್ತದೆ, ನಿಜ. ಮೂಡಲಗಿ ತಾಲೂಕು ಕೇಂದ್ರವೇನೋ ಆಯಿತು, ಇಂಥ ಕೆಲಸಗಳಿಗೆ ಜಿಲ್ಲಾ ಕೇಂದ್ರಕ್ಕೆ ಓಡುವುದು ತಪ್ಪಿಲ್ಲ. ಕೈಚಳಕ ಇರುವ ಬಡಿಗೇರರು ಇಲ್ಲಿಯೇ ಇದ್ದಾರೆ. ಅವರಲ್ಲಿ ಒಬ್ಬಿಬ್ಬರು ದುರಸ್ತಿಯ ಲೈಸನ್ಸಿಗೆ ಅರ್ಜಿ ಹಾಕಿಕೊಂಡರೆ, ಅಧಿಕಾರಿಗಳು ಅದನ್ನು ಗೌರವದಿಂದ ನೋಡಿದರೆ, ಕದ್ದುಮುಚ್ಚಿ ನಡೆಯುವ ಕೆಲಸ ಹಗಲಿಗೆ ಬಂದೀತು.

ಇನ್ನು ಹಿಡಿ ಮುರಿಯುವುದೇ ಯಾಕೆ ಎಂಬ ಮಾತು. ಬಂದೂಕಿಗೆ ಎಣ್ಣೆ ಹಾಕಿ ಬಾಯಿ ಮೇಲೆ ಮಾಡಿ ಮೂಲೆಗೆ ನಿಲ್ಲಿಸುವುದು ಊರ ರೂಢಿ. ಎಣ್ಣೆಯೆಲ್ಲ ನಿಧಾನಕ್ಕೆ ಕೆಳಗಿಳಿದು ಕುತ್ತಿಗೆಯ ಕಟ್ಟಿಗೆ ಕುಡಿಯುತ್ತದೆ, ಕೆಲವು ವರ್ಷಕ್ಕೆ ಅದು ನೆನೆದ ರೊಟ್ಟಿಯಂತೆ ಮೆತ್ತಗಾಗುತ್ತದೆ. ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸಿದರೆ ಈ ತೊಂದರೆ ಇಲ್ಲ. ಕಟ್ಟಿಗೆಗೆ ಯಂತ್ರದ ಎಣ್ಣೆ ಬೇಡ, ಅಗಸಿ ಎಣ್ಣಿ ಬೇಕು. ಯೂರೋಪಿನ ಬಂದೂಕುಗಾರರು ತಲೆಮಾರುಗಳಿಂದ ಬಳಸಿದ್ದು ಅದನ್ನೇ. ನಮ್ಮಲ್ಲಿ ಅಗಸಿ ಹಿಂಡಿ ಚಟ್ನಿಗೆ, ಎಣ್ಣಿ ಬಂದೂಕಿಗೆ. ಅಂಗೈಯಿಂದ ತೆಳ್ಳಗೆ ತಿಕ್ಕಿ, ಪೂರ್ತಿ ಒಣಗಲು ಬಿಟ್ಟು, ಮತ್ತೆ ತಿಕ್ಕಬೇಕು. ಎಣ್ಣಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಅದು ತಾನೇ ಕಾದು ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಬೇಕು.

ಚುನಾವಣೆ ಬಂತೆಂದರೆ ಬಂದೂಕು ಠಾಣೆಗೆ ಒಪ್ಪಿಸಿ ಎಂಬ ಆದೇಶ ಬರುವುದು ವಾಡಿಕೆ. 2023ರ ವಿಧಾನಸಭೆಗೆ ಇಲ್ಲಿ ಮತದಾನ ಆದದ್ದು ಮೇ 10ಕ್ಕೆ, 2024ರ ಲೋಕಸಭೆಗೆ ಮೇ 7ಕ್ಕೆ. ಎರಡೂ ಕಡು ಬ್ಯಾಸಗಿ. ಆ ಬಿಸಿಲಲ್ಲಿ ವಾರಗಟ್ಟಲೆ ಮುಚ್ಚಿದ ಕೋಣೆಯಲ್ಲಿ ಒಂದರ ಮೇಲೊಂದು ಒರಗಿ ನಿಂತರೆ ಎಂಥ ಕಟ್ಟಿಗೆಯಾದರೂ ಒಣಗಿ ಕುಗ್ಗುತ್ತದೆ, ತಿರುಪು ಸಡಿಲಾಗುತ್ತದೆ. ಒಪ್ಪಿಸುವ ಮುಂಚಿನ ವಾರ ಅಗಸಿ ಎಣ್ಣಿ ತಿಕ್ಕಿ ಒಣಗಿಸಿ ಇಡಿ. ಠಾಣೆಯ ರಸೀದಿಯಲ್ಲಿ ನಂಬರಿನ ಜೊತೆ "ಹಿಡಿ ಸಾಬೀತು" ಅಂತ ಬರೆಸಿಕೊಳ್ಳಿ. ವಾಪಸು ತಂದ ದಿನ ಮೊದಲು ತಿರುಪು ಬಿಗಿ ಮಾಡಿ, ಕುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಈಡು.